ಬಲಗಡೆಯ ಉಸಿರು

“ಮಾಸ್ತರ, ಅದನ್ನ ಮುಟ್ಟಬ್ಯಾಡ್ರಿ!” ನೆರೆಮನೆಯ ಸಕ್ಕುಬಾಯಿ ತಲೆಯ ಮೇಲಿನ ಕೊಡ ಇಳಿಸಿ ಕೂಗಿದಳು. “ಭರಮುನ ಮಗನ ದಮ್ಮು ಆ ರೇಡಿಯೊದ ಮ್ಯಾಲ ಇಳಿಸಿ, ಮಂತ್ರಾ ಹಾಕಿ ಇಟ್ಟಾರ. ಕೈಯಾರೆ ಯಾರ ತಗೋತಾರ, ಅವರ ಮನಿ ಕೂಸಿಗೆ ಹತ್ತತೈತಿ.”

ಮುಗಳಖೋಡಕ್ಕೆ ಹೊಸದಾಗಿ ಬಂದ ವಿಜ್ಞಾನದ ಮಾಸ್ತರ ಉತ್ತಮ ನಕ್ಕ. ಮೂರು ದಾರಿ ಕೂಡುವಲ್ಲಿ ಕುಂಕುಮ ಮೆತ್ತಿದ ಹಳೆಯ ವಾಲ್ವ್ ರೇಡಿಯೊ. ಮೇಲೆ ಕೊಯ್ದ ನಿಂಬೆಹಣ್ಣು. ಮನೆಯಲ್ಲಿ ಅವನೇ ಕಟ್ಟುತ್ತಿದ್ದ ಸ್ಟೀರಿಯೊ ಆಂಪ್ಲಿಫೈಯರಿನ ಬಲಗಡೆಗೆ ಅಂಥ ರೇಡಿಯೊದ ಒಂದು ವಾಲ್ವು, ಕಾದರೆ ಕೆಂಪಾಗುವ ಗಾಜಿನ ಬುರುಡೆ, ಬೇಕಿತ್ತು. ಟ್ರಾನ್ಸಿಸ್ಟರಿನ ಈ ಕಾಲದಲ್ಲಿ ನಿಪ್ಪಾಣಿ, ಕೊಲ್ಹಾಪುರ ಅಲೆದರೂ ಸಿಕ್ಕಿರಲಿಲ್ಲ.

“ದಮ್ಮು ಗಾಜಿನ್ಯಾಗ ಹೆಂಗ ಹೊಕ್ಕೀತ್ರಿ, ಆಯಿ?” ಎನ್ನುತ್ತ ಎತ್ತಿಕೊಂಡೇ ನಡೆದ. ಕಲಿತವನ ಸೊಕ್ಕಿಗೆ ಮದ್ದುಂಟೇ!

ಸಂಜೆ ರೇಡಿಯೊದ ವಾಲ್ವು ಕಿತ್ತು ಆಂಪ್ಲಿಫೈಯರಿನ ಬಲಗಡೆ ಕೂಡಿಸಿದ. ಬೆಸುಗೆಯ ರಾಳದ ಹೊಗೆಯಲ್ಲಿ ವಾಲ್ವುಗಳು ಕೆಂಪಗೆ ಕಾದವು. ಎಡಗಡೆಯ ಸ್ಪೀಕರು ಹಾಡಿತು. ಬಲಗಡೆಯದು ಉಸಿರಾಡಿತು: ಎದೆ ಕಟ್ಟಿದ ಕೂಸಿನ ಗೊರಗೊರ ಉಸಿರು. ಕಂಡೆನ್ಸರು ಬದಲಿಸಿದ, ಬೆಸುಗೆ ಬಿಚ್ಚಿ ಮತ್ತೆ ಹಾಕಿದ. ಎರಡು ವಾಲ್ವು ಅದಲುಬದಲು ಮಾಡಿದರೆ ಉಸಿರೂ ಎಡಕ್ಕೆ ಬಂತು. ಅಷ್ಟರಲ್ಲಿ ಅವನ ಪುಟ್ಟ ಮಗಳು ಸುಂದರಾ ಸ್ಪೀಕರಿಗೆ ಕಿವಿ ಹಚ್ಚಿ ಮಲಗಿಬಿಟ್ಟಿದ್ದಳು. ಅವಳ ಎದೆ ಅದೇ ತಾಳಕ್ಕೆ ಏರಿ ಇಳಿಯುತ್ತಿತ್ತು.

ಬೆಚ್ಚಿ ಸ್ವಿಚ್ಚು ಆರಿಸಿದ. ವಾಲ್ವಿನ ಕೆಂಪು ಮೆಲ್ಲಗೆ ಕಂದಿತು. ಮಗಳ ಉಸಿರೂ ಕಂದಿತು. ತುಟಿ ನೀಲಿಯಾಯಿತು. ಮತ್ತೆ ಸ್ವಿಚ್ಚು ಒತ್ತಿದ. ಉಸಿರು ಬಂತು.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಮಗಳ ಬಾಯಿಗೆ ಬಾಯಿ ಇಟ್ಟು ಊದಿದ. ಎದೆ ಒತ್ತಿದ. ಊದಿದ. ಅತ್ತ. ಊದಿದ. ಕರೆಂಟು ಬಂತು.

ಕೂಸಿನ ಎದೆಗೆ ಶಾಖ ಕೊಡಲು ಬಿಸಿ ಅಜವಾನದ ಗಂಟು ಹಿಡಿದು ಸಕ್ಕುಬಾಯಿಯೇ ಬಂದಳು. “ಆ ರೇಡಿಯೊ ಏನ ಮಾಡಿದ್ರಿ, ಮಾಸ್ತರ?”

“ಬಾವಿಗೆ ಒಗದೇನ್ರಿ, ಆಯಿ.” ಆಂಪ್ಲಿಫೈಯರಿನ ಕಡೆ ಕೈ ತೋರಿದ. “ಈ ಡಬ್ಬಿ ನಿಮ್ಮ ಮೊಮ್ಮಗಳಿಗಿರಲಿ. ಹಾಡಂದ್ರ ಜೀವಾ ಬಿಡತಾಳಲ್ರಿ. ನೀವ ಕೈಯಾರೆ ತಗೋರಿ.”

“ಅಯ್ಯ, ಇಷ್ಟ ಛಲೋದು ನಮಗ್ಯಾಕ್ರಿ?” ಎನ್ನುತ್ತಲೇ ಮುದುಕಿ ಎರಡೂ ಕೈಯಲ್ಲಿ ಅಪ್ಪಿ ಹಿಡಿದಳು. ಅವನು ಪ್ಲಗ್ ಕಿತ್ತ. ಕೆಂಪು ಆರಿತು. ಸುಂದರಾಳ ಉಸಿರು ಆರಲಿಲ್ಲ. ಅವನೇ ಹೋಗಿ ಅವರ ಮನೆಯಲ್ಲಿ ಜೋಡಿಸಿ ಕೊಟ್ಟು ಬಂದ.

ಆ ರಾತ್ರಿ ಮಗಳ ಪಕ್ಕದಲ್ಲೇ ಕೂತಿದ್ದ. ಮಗಳು ನಿರಾಳ ಉಸಿರಾಡಿದಂತೆಲ್ಲ ‘ಪಾಪಿ, ಪಾಪಿ’ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡನೇ ಹೊರತು ಎದ್ದು ಹೋಗಿ ಹೇಳಲಿಲ್ಲ.

ಬೆಳಗಾಗುತ್ತಲೇ ಊರಿಗೆಲ್ಲ ಕರೆಂಟು ಹೋಯಿತು. ಬಾಗಿಲು ದಬದಬ ಬಡಿಯಿತು. ಸಕ್ಕುಬಾಯಿ ಡಬ್ಬಿ ಎತ್ತಿಕೊಂಡೇ ಓಡಿ ಬಂದಿದ್ದಳು. “ಮಾಸ್ತರ, ಇದು ಬಂದಾತು, ನನ್ನ ಕೂಸು ಉಸರ ಬಿಡವಲ್ದು! ನಿಮ್ಮ ಕಾಲ ಬೀಳತೇನಿ, ಹಿಡೀರಿ ಇದನ್ನ, ಏನಾರ ಮಾಡ್ರಿ!”

ಡಬ್ಬಿಯ ಭಾರಕ್ಕೆ ಮುದುಕಿ ಬಾಗಿದ್ದಳು. ಸುಂದರಾ ಹಿಂದಿನಿಂದ ಬಂದು ಅವನ ಅಂಗಿ ಜಗ್ಗಿದಳು. “ಅಪ್ಪಾ, ಆಯಿಗೆ ಭಾರ ಆಗೇತಿ. ತಗೋ.”

ಉತ್ತಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.