ತಲೆಯ ಮಾತೋ, ಮನಸ್ಸಿನ ಮಾತೋ

“ನನ್ನನ್ನ ಮದ್ವೆ ಆಗ್ತೀರಾ?” ಎಂದು ಹಾಸಿಗೆಯಲ್ಲಿದ್ದ ಟೈಲರ್ ಮಾಸ್ಟರ್ ಕೇಳಿದ ತಕ್ಷಣ ಅವಳು ಮಾಡಿದ ಮೊದಲ ಕೆಲಸವೆಂದರೆ ವಾರ್ಡಿನಿಂದ ಓಡಿಹೋಗಿ ಡಾಕ್ಟರನ್ನು ಕೂಗಿದ್ದು. ಅಂಗಡಿಯವರೆಲ್ಲ ಅವಳಿಗೆ ಗಡಿಬಿಡಿ ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ.

ಆದರೂ ತಪ್ಪು ಅವಳದಲ್ಲ ಬಿಡಿ. ಹಿಂದಿನ ದಿನವಷ್ಟೇ ಡಾಕ್ಟರಮ್ಮ ಮಾಸ್ಟರರ ಅಕ್ಕನನ್ನೂ ಅವಳನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಹುಳುಕು ಹಲ್ಲಿನ ಸೋಂಕು ರಕ್ತಕ್ಕಿಳಿದು ಹೃದಯದ ವಾಲ್ವ್ ಮೇಲೆ ಕೂತಿದೆ. ಅಲ್ಲಿಂದ ಒಂದು ಚೂರು ಕಿತ್ತುಹೋಗಿ ಮೆದುಳಿನ ರಕ್ತನಾಳ ಸೇರಿದೆ, ನಾಳದ ಗೋಡೆ ಸೋತು ಗುಳ್ಳೆಯಂತೆ ಉಬ್ಬಿದೆ. ಆಂಟಿಬಯೋಟಿಕ್‌ಗೆ ಕರಗಿದರೆ ಸರಿ, ಒಡೆದರೆ ಪ್ರಾಣಕ್ಕೇ ಕುತ್ತು.

“ಅವರ ಸ್ವಭಾವಕ್ಕೆ ಒಪ್ಪದ ಒಂದೇ ಒಂದು ಮಾತು ಬಂದ್ರೂ ನಮಗೆ ತಿಳಿಸಿ,” ಎಂದೂ ಎಚ್ಚರಿಸಿದ್ದರು.

ಸ್ವಭಾವ! ಎಂಟು ವರ್ಷದಿಂದ ಟೈಲರ್ ಅಂಗಡಿಯಲ್ಲಿ ಅವರು ಬಟ್ಟೆ ಕತ್ತರಿಸುತ್ತಿದ್ದರು, ಅವಳು ಎದುರಿನ ಮಿಷನ್ನಿನಲ್ಲಿ ಹೊಲಿಯುತ್ತಿದ್ದಳು. ಅವರಾಡಿದ ಮಾತನ್ನೆಲ್ಲ ಸೇರಿಸಿದರೂ ಒಂದು ಶರ್ಟಿನ ಜೇಬು ತುಂಬುತ್ತಿರಲಿಲ್ಲ. ಅವಳು ತಲೆ ಎತ್ತಿದಾಗಲೆಲ್ಲ ಅವರ ಕಣ್ಣು ಟೇಪಿನ ಮೇಲೆ, ಆದರೆ ಕಿವಿ ಮಾತ್ರ ಕೆಂಪಗೆ. ಅಂಥವರು ಮದುವೆ ಎಂದರೆ ತಲೆಯಲ್ಲಿ ಏನೋ ಆಗಿದೆ ಎಂದೇ ಅಲ್ಲವೇ?

ಸ್ಕ್ಯಾನ್ ಆಯಿತು. ಉಬ್ಬು ಎರಡರಷ್ಟಾಗಿತ್ತು.

“ಒಳ್ಳೇ ಹೊತ್ತಿಗೆ ಹೇಳಿದ್ರಿ,” ಎಂದರು ಡಾಕ್ಟರಮ್ಮ. “ಹೃದಯದ ವಾಲ್ವ್‌ಗೂ ಆಪರೇಷನ್ ಬೇಕು, ಅದಕ್ಕೆ ರಕ್ತ ತೆಳು ಮಾಡ್ಬೇಕಾಗತ್ತೆ. ಆಗ ಈ ಉಬ್ಬು ಒಡೆದ್ರೆ ರಕ್ತ ನಿಲ್ಲಲ್ಲ, ಅದಕ್ಕೇ ಮೊದಲು ತಲೇದು. ತೊಡೆಯಿಂದ ಸಣ್ಣ ಕೊಳವೆ ತೂರಿಸಿ ಆ ನಾಳ ಮುಚ್ಚಿಬಿಡ್ತೀವಿ. ಅಂದಹಾಗೆ, ಏನಂದ್ರು ಅವರು?”

“ಏನೇನೋ ಅಂದ್ರು,” ಎಂದು ಅವಳು ನೆಲ ನೋಡಿದಳು.

ಅಕ್ಕನಿಗೆ ಮಾತ್ರ ಹೇಳಿದಳು. ಅಕ್ಕ ಅವಳ ಕೈ ಹಿಡಿದುಕೊಂಡರು. “ಏನು ಹೇಳಲಿ ಕಣೇ? ಬೆಳಿಗ್ಗೆ ನನ್ನನ್ನೇ ಅಮ್ಮ ಅಂತ ಕರೆದ. ಅಮ್ಮ ಹೋಗಿ ಹತ್ತು ವರ್ಷ ಆಯ್ತು.”

ಗಡಿಬಿಡಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಂಟು ವರ್ಷ ಕಾದ ಮಾತದು. ಅದೇ ಕಾಯಿಲೆಯಾಗಿದ್ದರೆ ವಾಸಿಯಾಗಲಿ ಎಂದು ಬೇಡಿಕೊಳ್ಳುವುದು ಹೇಗೆ? ಆದರೂ ಅವರನ್ನು ಒಳಗೆ ಕರೆದೊಯ್ದಾಗ ಕಣ್ಣು ಮುಚ್ಚಿ ಅದನ್ನೇ ಬೇಡಿಕೊಂಡಳು.

ನಾಳ ಮುಚ್ಚಿದ ಮೂರನೆಯ ದಿನ ಮಾಸ್ಟರ್ ದಿಂಬಿಗೊರಗಿ ಕೂತಿದ್ದರು.

“ಅಂಗಡಿಗೆ ಹೋಗ್ಲಿಲ್ವಾ?”

“ಆವತ್ತು ನನ್ನನ್ನ ಏನೋ ಕೇಳಿದ್ರಿ. ನೆನಪಿದೆಯಾ?”

ಅವರು ಹುಬ್ಬು ಗಂಟಿಕ್ಕಿ ಹುಡುಕಿದರು. ಸಿಗಲಿಲ್ಲ. “ಇಲ್ವಲ್ಲ. ಏನಾದ್ರೂ ತಪ್ಪು ಮಾತಾಡಿದ್ನಾ?”

ಏನಿಲ್ಲ ಎಂದು ತೇಲಿಸಿಬಿಡಬಹುದಿತ್ತು. ಆದರೆ ವಾಲ್ವಿನ ಆಪರೇಷನ್‌ಗೆ ಎರಡೇ ವಾರ ಉಳಿದಿತ್ತು, ಅದು ಹೇಗಾಗುತ್ತದೋ ಯಾರಿಗೆ ಗೊತ್ತು? ಅಂದು ಕೇಳಿದ್ದು ಇವರೋ ಆ ಉಬ್ಬೋ, ಅದೂ ಗೊತ್ತಿಲ್ಲ. ತನ್ನ ಉತ್ತರವೇನೆಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಹೋಗ್ಲಿ, ನಾನೇ ಕೇಳ್ತೀನಿ,” ಎಂದಳು. “ನನ್ನನ್ನ ಮದ್ವೆ ಆಗ್ತೀರಾ?”

ಮಾಸ್ಟರ್ ಬಾಯಿ ತೆರೆದರು, ಮುಚ್ಚಿದರು. ಅವಳು ಮುಖ ಮುಚ್ಚಿಕೊಂಡು ಎದ್ದೇಬಿಟ್ಟಳು.

ಸೂಜಿ ಚುಚ್ಚಿದ್ದ ಕೈಯಿಂದಲೇ ಅವರು ಅವಳ ಸೆರಗು ಹಿಡಿದರು.

“ಕೂತ್ಕೊಳ್ಳಿ. ಎಲ್ಲಿಂದ ಶುರು ಮಾಡ್ಲಿ ಅಂತ ಯೋಚಿಸ್ತಿದ್ದೆ. ಹೇಳೋಕೆ ಎಂಟು ವರ್ಷದ್ದಿದೆ.”