ಚೌಡವ್ವ ದೋಣಿ ಮುಳುಗಿಸಿದ್ದು

ಮೋಡಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಕನ್ನಡಿಪುರವೆಂಬ ರಾಜಧಾನಿಯಿತ್ತು. ಅದರ ನಡುವೆ ಒಂದು ಕಾಲುವೆ. ದಡದ ಜೊಂಡು, ಬೇರು, ಕೆಸರು ರಾಜನ ಕಣ್ಣಿಗೆ ಅಸಹ್ಯವಾದವು. ಮಾಂತ್ರಿಕ ವಜ್ರಲೇಪ ಒಂದೇ ಹಗಲಿನಲ್ಲಿ ಎರಡೂ ದಡಕ್ಕೆ ನುಣುಪುಗಲ್ಲಿನ ಗೋಡೆ ಎಬ್ಬಿಸಿದ. ಊರು ಅಂದವಾಯಿತೆಂದು ಡಂಗುರ ಸಾರಿದರು. ಅಡಗಲು ಒಂದು ಬಿರುಕೂ ಸಿಗದ ಮರಿಮೀನುಗಳು ಸೆಳವಿನಲ್ಲಿ ಕೊಚ್ಚಿಹೋದವು. ಕಾಲುವೆಯ ತುದಿಯಲ್ಲಿ ಮಾಂತ್ರಿಕನ ಕಬ್ಬಿಣದ ಕೊಕ್ಕರೆ ಬಾಯಿ ತೆರೆದು ನಿಂತಿತ್ತು.

ಕಾಲುವೆಯ ಕೊನೆಯ ಮರಿಗಳು ಅಂಬಿಗರ ಚೌಡವ್ವನ ಗಡಿಗೆಯಲ್ಲಿದ್ದವು. ಅಷ್ಟು ನೀರಿನಲ್ಲಿ ಅವು ಸಂಜೆಯವರೆಗೆ ಬದುಕಿದರೆ ಹೆಚ್ಚು. ಅವಳು ಗಡಿಗೆ ಹೊತ್ತು ಮಾಂತ್ರಿಕನ ಬಳಿ ಹೋಗಿ ಗೋಡೆ ತೆಗೆಯೆಂದಳು.

"ನೀನೇ ಮೂರು ಸಲ ಪ್ರಯತ್ನಿಸಿ ನೋಡು," ಎಂದ ವಜ್ರಲೇಪ. ಮೂರು ಅವಕಾಶ ಕೊಡದ ಮಾಂತ್ರಿಕನನ್ನು ಆ ಕಸುಬಿನವರು ಗೌರವಿಸುವುದಿಲ್ಲ. "ಗೋಡೆಗೆ ಒಂದು ಗೀರು ಬಿದ್ದರೂ ನನ್ನ ಮಾಯೆ ಮುಗಿಯಿತು. ಬೀಳದಿದ್ದರೆ ಗಡಿಗೆ ಕೊಕ್ಕರೆಗೆ."

ಚೌಡವ್ವ ಗೋಡೆಯ ಬುಡದಲ್ಲಿ ಜೊಂಡು ನೆಟ್ಟಳು. ಗೋಡೆ ಅದನ್ನು ಎಲೆ-ಅಡಿಕೆಯಂತೆ ಉಗುಳಿತು.

ಬಂಡೆಗಳನ್ನು ಇಳಿಸಿದಳು. ಸೆಳವು ಅವನ್ನು ಗೋಲಿಯಂತೆ ಉರುಳಿಸಿತು.

ಗಡಿಗೆಯಲ್ಲಿ ಎರಡು ಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ಹೊತ್ತು ಇಳಿಯುತ್ತಿತ್ತು.

ಮುದಿ ದೋಣಿಯನ್ನು ಅಂಬಿಗರು ಸುಡುವುದಿಲ್ಲ. ತಳಕ್ಕೆ ತೂತು ಕೊರೆದು, ಹರಿದ ಬಲೆ, ಮುಳ್ಳುಕಂಟಿ ತುಂಬಿ, ಮೀನುಗಳಿಗೆ ಮನೆಯಾಗಲೆಂದು ನೀರಿಗೆ ಒಪ್ಪಿಸುತ್ತಾರೆ. ಚೌಡವ್ವನ ದೋಣಿ ಕಂಡದ್ದು ಎರಡೇ ಮಳೆಗಾಲ. ಅವಳು ಉಳಿ ಎತ್ತಿಕೊಂಡಳು.

"ಅತ್ತಿಗೀ, ಹುಚ್ಚು ಹಿಡಿದೈತೇನು? ನಾಳೆ ಹೊಟ್ಟಿಗೇನು?" ಮೈದುನ ದುರುಗ ಚೀರಿದ.

"ಮೀನಿಲ್ಲದ ನೀರಾಗ ದೋಣಿ ಇಟ್ಕೊಂಡು ಏನ್ ಮಾಡ್ಲೋ, ಪೂಜೆ ಮಾಡ್ಲಾ? ಕಂಟಿ ತಾ!"

ಬಂಡೆ, ಕಂಟಿ, ಬಲೆ ಹೊತ್ತ ದೋಣಿ ಅಡ್ಡಡ್ಡ ಮುಳುಗಿ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿತು. ಚೌಡವ್ವ ಎದೆಮಟ್ಟದ ನೀರಿನಲ್ಲಿ ನಿಂತು ಗಡಿಗೆ ಬಗ್ಗಿಸಿದಳು. ಮರಿಗಳು ಕಂಟಿಯೊಳಗೆ ಮಾಯವಾದವು.

ಮರಿಗಳನ್ನು ಹಿಡಿಯಲು ಕೊಕ್ಕರೆ ಬಂತು. ಒಂದು ಹೆಜ್ಜೆಗೆ ಹತ್ತು ಮಾರು. ಕೊಕ್ಕು ಚೌಡವ್ವನ ಕಿವಿಯ ಪಕ್ಕದಲ್ಲೇ ಇಳಿದು ದೋಣಿಯ ಬಲೆಯಲ್ಲಿ ಹೂತಿತು. ಕೊಕ್ಕರೆ ಎಳೆಯಿತು. ಬಲೆ ಬಿಡಲಿಲ್ಲ. ಮತ್ತೆ ಎಳೆಯಿತು. ಹಲಗೆಗಳು ನರಳಿದವು. ಚೌಡವ್ವ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು. ಮೂರನೆಯ ಎಳೆತಕ್ಕೆ ಬಲೆ ಹರಿದು, ಬಿಡುಗಡೆಯಾದ ಕೊಕ್ಕು ರಪ್ಪನೆ ಗೋಡೆಗೆ ಬಡಿಯಿತು.

ಉಗುರುದ್ದದ ಗೀರು.

"ಇದು ನಡೆಯೋದಿಲ್ಲ!" ವಜ್ರಲೇಪ ಅರಚಿದ. "ಗೀರಿದ್ದು ನನ್ನ ಹಕ್ಕಿ!"

"ಯಾರು ಗೀರಬೇಕಂತ ನೀವು ಹೇಳಿರ್ಲಿಲ್ಲಲ್ರೀ, ಸ್ವಾಮಿ," ಎಂದಳು ಚೌಡವ್ವ, ಚಳಿಗೆ ಹಲ್ಲು ಕಟಕಟಿಸುತ್ತ.

ಗೋಡೆ ಉದುರಿತು. ಕೊಕ್ಕರೆ ತುಕ್ಕಾಯಿತು. ವಜ್ರಲೇಪ ನುಣುಪಾದ ಕಲ್ಲಾಗಿ ನೀರಿಗೆ ಬಿದ್ದ. ಸಂಜೆಯೊಳಗೆ ಅವನಿಗೆ ಪಾಚಿ ಹತ್ತಿತು. ದಡದಲ್ಲಿ ಜೊಂಡು ತಾನಾಗಿ ಎದ್ದಿತು, ಮರಿಗಳು ಬೇರುಗಳ ನಡುವೆ ಬೆಳೆದು ಸಾವಿರವಾದವು. ಅಂಬಿಗರೆಲ್ಲ ಸೇರಿ ಚೌಡವ್ವನಿಗೆ ಹೊಸ ದೋಣಿ ಕಟ್ಟಿಕೊಟ್ಟರು.

ಅಲ್ಲಿಂದ ಮುಂದೆ ಕನ್ನಡಿಪುರದಲ್ಲಿ ಎಲ್ಲರೂ ಸುಖವಾಗಿದ್ದರು. ಸಾರಿನ ಮಡಕೆಗೆ ಬಿದ್ದ ಮೀನುಗಳನ್ನು ಈ ಬಗ್ಗೆ ಯಾರೂ ಕೇಳಲಿಲ್ಲ.