ಅಜ್ರುವಿನ ಬೆರಳು

ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇದ್ದಾರೆ. ಆದರೂ ಹೇಳಲು ಹೊರಟಿದ್ದೇನೆ. ತಪ್ಪಿದ್ದರೆ ಕ್ಷಮಿಸಿ, ಮಕ್ಕಳೇ.

"ಇದೇನಜ್ಜಿ, ನಾಯಿಗೆ ಮದುವೆನಾ?" ಬೆಟ್ಟದ ಕೆಳಗಿನ ಮಿದೆಲ್ತ್ ಊರಿನ ಸಂತೆಬೀದಿಯ ಪಶುವೈದ್ಯೆ ಅಜ್ರುವಿನ ಮುಂಗಾಲು ಎತ್ತಿ ಹಿಡಿದು ಕೇಳಿದರು. ಪಾದವೆಲ್ಲ ಗೋರಂಟಿಯ ಕೆಂಪು.

ಅಜ್ಜಿಯ ಪಕ್ಕದಲ್ಲಿದ್ದ ಮೊಮ್ಮಗಳು ತೂಡಾ ನಾಚಿ ತಲೆ ತಗ್ಗಿಸಿದಳು. ಅಜ್ರುವಿನ ಬೆರಳಲ್ಲಿ ಗಂಟು ಕಂಡಂದಿನಿಂದ ಅಜ್ಜಿ ಗೋರಂಟಿ ಅರೆದು ಹಚ್ಚುತ್ತಿದ್ದಳು. ಕುರಿಯ ಗೊರಸು ಒಡೆದರೂ ಅದೇ, ತೂಡಾಳ ಹಿಮ್ಮಡಿ ಒಡೆದರೂ ಅದೇ.

"ಒಳ್ಳೇದು ಅಂತ ಹಚ್ಚಿದೆ ತಾಯಿ."

"ಗಾಯಕ್ಕಾದ್ರೆ ಸರಿ. ಇದು ಗಂಟು. ಕಪ್ಪಗಿದ್ರೆ ಕೆಟ್ಟದ್ದಿರಬಹುದು, ಅದನ್ನ ನೋಡ್ಬೇಕಿತ್ತು. ಈ ಬಣ್ಣದಲ್ಲಿ ಏನೂ ಕಾಣ್ತಿಲ್ಲ. ಸೂಜಿ ಹಾಕಿ ನೋಡಿದ್ರೂ ಬರೀ ರಕ್ತ ಬಂತು, ಏನೂ ಗೊತ್ತಾಗ್ಲಿಲ್ಲ."

ಸಂತೆಯ ದಲ್ಲಾಳಿಗಳೂ ಅಜ್ಜಿಯ ಬಾಯಿಗೆ ಹೆದರುತ್ತಿದ್ದರು. ಈಗ ಜಗಳ ಗ್ಯಾರಂಟಿ ಎಂದುಕೊಂಡಳು ತೂಡಾ.

"ಹಾಗಾದ್ರೆ ತಪ್ಪು ನಂದು," ಎಂದಳು ಅಜ್ಜಿ. "ಈಗೇನ್ ಮಾಡೋಣ, ಹೇಳು."

"ಬಣ್ಣ ಹೋಗೋವರೆಗೆ ಕಾಯಬಹುದು. ಕೆಟ್ಟ ಗಂಟಾಗಿದ್ರೆ ಅಷ್ಟರಲ್ಲಿ ಮೈಯೆಲ್ಲ ಹರಡುತ್ತೆ. ಇಲ್ಲಾ, ಇವತ್ತೇ ಆಪರೇಶನ್ ಮಾಡಿ ಬೆರಳು ತೆಗೀತೀನಿ. ಕೆಟ್ಟ ಗಂಟು ಅಲ್ದಿದ್ರೆ ಬೆರಳು ಸುಮ್ನೆ ಹೋಯ್ತು. ಎರಡರಲ್ಲಿ ಯಾವ್ದು ಮಾಡಿದ್ರೂ ಈ ಬೇಸಿಗೆ ಅವನು ಬೆಟ್ಟ ಹತ್ತೋ ಹಾಗಿಲ್ಲ."

ಮುಂದಿನ ವಾರವೇ ಮಂದೆ ಬೆಟ್ಟದ ಹುಲ್ಲುಗಾವಲಿಗೆ ಹೊರಡಬೇಕಿತ್ತು. ಅಲ್ಲಿ ನರಿಗಳಿಂದ ಕುರಿಗಳನ್ನು ಕಾಯುತ್ತಿದ್ದವನು ಅಜ್ರುವೇ.

"ಬೆರಳು ತೆಗೆಸಬೇಡ ಅಜ್ಜಿ," ತೂಡಾ ಅವಳ ತೋಳು ಎಳೆದಳು. "ಕುಂಟ ಅಂತ ಎಲ್ರೂ ನಗ್ತಾರೆ."

"ನಂಗೆ ಮುಂದಿನ ಹಲ್ಲಿಲ್ಲ. ನೀನು ನಗಲ್ವಾ?"

"ನಗ್ತೀನಿ."

"ನಗು. ನಾನೇನು ರೊಟ್ಟಿ ತಿನ್ನೋದು ಬಿಟ್ಟಿದ್ದೀನಾ?"

ಅಜ್ಜಿ ಡಾಕ್ಟರ ಕಡೆ ತಿರುಗಿದಳು. "ನಾಯಿ ನಿಂದಾಗಿದ್ರೆ?"

ಡಾಕ್ಟರ್ ಗಂಟನ್ನು ಇನ್ನೊಮ್ಮೆ ಒತ್ತಿ ನೋಡಿದರು. "ತೆಗೀತಿದ್ದೆ."

"ತೆಗಿ. ನರಿಗಳನ್ನ ನಾನು ನೋಡ್ಕೋತೀನಿ."

ಇಂಜೆಕ್ಷನ್ ಆಯಿತು. ಅಜ್ರುವಿನ ಕಣ್ಣು ಮೆಲ್ಲನೆ ಮುಚ್ಚಿಕೊಂಡಿತು. ಅಜ್ಜಿ ಅವನ ತಲೆಯನ್ನು ತನ್ನ ಅಂಗೈಯಲ್ಲೇ ಇಟ್ಟುಕೊಂಡಿದ್ದಳು. ತೂಡಾ ಆ ಕೈಯ ಮೇಲೆ ತನ್ನ ಕೈ ಇಟ್ಟಳು.

ಡಾಕ್ಟರ್ ಕತ್ತರಿ ಎತ್ತಿಕೊಂಡಾಗ ಅಜ್ಜಿ ಮುಖ ಆ ಕಡೆ ತಿರುಗಿಸಿದಳು.

ತೂಡಾ ಅವಳ ಕೈಯನ್ನು ಇನ್ನಷ್ಟು ಒತ್ತಿ ಹಿಡಿದಳು.

ಅಜ್ರು ಈಗ ಅಂಗಳದಲ್ಲಿ ಕುಂಟುತ್ತ ಕೋಳಿಗಳನ್ನು ಅಟ್ಟುತ್ತಾನೆ. ಅಜ್ಜಿ ದೊಣ್ಣೆ ಹಿಡಿದು ಮಂದೆಯ ಜೊತೆ ಬೆಟ್ಟದಲ್ಲಿದ್ದಾಳೆ. ತೆಗೆದ ಬೆರಳು ಪರೀಕ್ಷೆಗೆಂದು ದೊಡ್ಡ ಊರಿಗೆ ಹೋಗಿದೆ, ಉತ್ತರ ಬಂದಿಲ್ಲ. ಆ ಗಂಟು ಕೆಟ್ಟದ್ದಾಗಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.